ಅಡಿಕೆ ತೋಟಕ್ಕೆ ಡಿಶ್ ಬೇಕಾ?

ನಾನಿರುವುದು ಆಸ್ಟ್ರೇಲಿಯಾದ ಕೂನಬರಾಬ್ರನ್ ಹತ್ತಿರ. ಇಲ್ಲಿ ಪಕ್ಕದ ಮನೆಗೆ ಹೋಗಲು ಕಾರೇ ಬೇಕು. ಮೊದಲು ನಮ್ಮ ನೆಟ್ ಸುಮಾರು 36,000 ಕಿ.ಮೀ. ಮೇಲಿನ ಉಪಗ್ರಹದಿಂದ ಬರುತ್ತಿತ್ತು. ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿಗೂ ಜಾಸ್ತಿ. ಸುಳ್ಯದ ಕಡೆ ಇರುವ ಅಮ್ಮನೂ ನಾನೂ ಒಟ್ಟಿಗೇ "ಊಟ ಆಯ್ತಾ" ಅಂದು, ಒಟ್ಟಿಗೇ ಸುಮ್ಮನಾಗುತ್ತಿದ್ದೆವು. ಈಗ ಮಾಡಿನ ಮೇಲೆ ಸ್ಟಾರ್‌ಲಿಂಕ್ ಅನ್ನುವ ಉಪಗ್ರಹ ಇಂಟರ್ನೆಟ್‌ನ ಡಿಶ್ ಇದೆ. ಅದರ ಉಪಗ್ರಹಗಳು ಓಡುವುದು 500 ಕಿ.ಮೀ. ಆಸುಪಾಸಿನಲ್ಲಿ. ಅಮ್ಮ ಪಕ್ಕದ ಕೋಣೆಯಲ್ಲೇ ಇದ್ದ ಹಾಗೆ ಕೇಳಿಸುತ್ತದೆ. ಆದರೆ ಅಮ್ಮನಿಗೆ ಸಿಗ್ನಲ್ ಸಿಗಬೇಕಾದರೆ ಇವತ್ತಿಗೂ ಗುಡ್ಡೆ ಹತ್ತಿ ಗೇರುಮರದ ಬುಡಕ್ಕೆ ಹೋಗಬೇಕು.

ಈ ಸುಖಕ್ಕೊಂದು ಬೆಲೆ ಇದೆ. ಇಲ್ಲಿ ಪಕ್ಕದಲ್ಲೇ ಸೈಡಿಂಗ್ ಸ್ಪ್ರಿಂಗ್ ವೀಕ್ಷಣಾಲಯ, 3.9 ಮೀಟರ್ ಕನ್ನಡಿಯ ದೂರದರ್ಶಕ. ಇಲ್ಲಿನ ಮೂಲನಿವಾಸಿ ಗಮಿಲರಾಯ್ ಜನ ಆಕಾಶಗಂಗೆಯ ಕಪ್ಪು ಭಾಗದಲ್ಲಿ ಎಮು ಹಕ್ಕಿಯನ್ನು ಕಾಣುತ್ತಾರೆ. ಮುಸ್ಸಂಜೆ ಅಂಗಳದಲ್ಲಿ ನಿಂತರೆ, ಹೊಸದಾಗಿ ಹಾರಿಸಿದ ಸ್ಟಾರ್‌ಲಿಂಕ್ ಉಪಗ್ರಹಗಳು ಕೆಲವು ದಿನ ಮಣಿಸರದಂತೆ ಸಾಲಾಗಿ ಹೋಗುತ್ತವೆ. 2019ರ ಮೇ ತಿಂಗಳಲ್ಲಿ ಒಂದೇ ಸಲ 60 ಹೋದವು. ಈಗ ಏಳು ಸಾವಿರಕ್ಕೂ ಜಾಸ್ತಿ. ದೂರದರ್ಶಕದ ಚಿತ್ರದ ಮೇಲೆ ಅವು ಬಿಳಿ ಗೀರು ಎಳೆದು ಹೋಗುತ್ತವೆ. ಲಡಾಖಿನ ಹಾನ್ಲೆಯಲ್ಲಿ ನಮ್ಮವರದೇ ದೂರದರ್ಶಕ ಇದೆ, ಹೊಸಕೋಟೆಯಲ್ಲಿ ಕೂತು ಅದನ್ನು ನಡೆಸುತ್ತಾರೆ. ಅದರ ಮೇಲಿರುವುದೂ ಇದೇ ಆಕಾಶ ಅಲ್ವಾ?

ಹಾಗಂತ ಡಿಶ್ ಬೇಡ ಅನ್ನಲಾರೆ. 2022ರಲ್ಲಿ ಜ್ವಾಲಾಮುಖಿ ಸಿಡಿದು ಟೋಂಗಾದ ಸಮುದ್ರದಡಿಯ ಕೇಬಲ್ ತುಂಡಾದಾಗ ಆಸರೆಯಾದದ್ದು ಉಪಗ್ರಹಗಳೇ. ಮೈಲಿಗಟ್ಟಲೆ ಒಂಟಿಯಾಗಿರುವ ಮನೆಗೂ ಅದೇ ಸರಿ.

ಸುಳ್ಯದ ಕಡೆಯ ನಮ್ಮೂರು ಹಾಗಿಲ್ಲ. ಕೂಗಿದರೆ ಕೇಳುವಷ್ಟು ದೂರದಲ್ಲಿ ಇನ್ನೊಂದು ಮನೆ. 2021ರ ಮಳೆಗಾಲದಲ್ಲಿ ಸುಳ್ಯ ತಾಲೂಕಿನ ಹುಡುಗಿಯೊಬ್ಬಳು ರಸ್ತೆ ಬದಿಯಲ್ಲಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದಳು, ಅಪ್ಪ ಕೊಡೆ ಹಿಡಿದು ನಿಂತಿದ್ದರು. ಆ ಫೋಟೋ ಈಗಲೂ ನನ್ನ ಕಣ್ಣ ಮುಂದಿದೆ. ಆ ಮಗುವಿಗೆ ಬೇಕಿದ್ದದ್ದು ಪಂಚಾಯತಿಯಿಂದ ಮನೆವರೆಗೆ ಒಂದು ಇಂಟರ್ನೆಟ್ ಕೇಬಲ್. ಕೇಬಲ್ ಎಳೆಯಲಾಗದ ಮನೆಗೆ ಮಾತ್ರ ಡಿಶ್ ಇರಲಿ.

ಸ್ಟಾರ್‌ಲಿಂಕ್‌ಗೆ ಭಾರತದಲ್ಲಿ 2025ರಲ್ಲಿ ಪರವಾನಗಿ ಸಿಕ್ಕಿತಲ್ಲ, ಆಗ ಅಣ್ಣ ಫೋನ್ ಮಾಡಿ "ನಾವೂ ಹಾಕಿಸುವನಾ?" ಅಂದ. ಡಿಶ್‌ಗೆ ಮರೆಯಿಲ್ಲದ ಆಕಾಶ ಬೇಕು, ಅಂಗಳದಿಂದ ಎಷ್ಟು ಕಾಣುತ್ತದೆ ನೋಡು ಅಂದೆ. ಫೋಟೋ ಕಳಿಸಿದ. ಅಡಿಕೆ ಸೋಗೆಗಳ ನಡುವೆ ತಟ್ಟೆಯಷ್ಟು ನೀಲಿ. ಮೂಲೆಯಲ್ಲಿ ಕರೆಂಟ್ ಕಂಬ.