ಮೇಲಿನಂತೆ

ಜೋಹಾನ್ಸ್‌ಬರ್ಗಿನಲ್ಲಿ ಕೆಲಸಕ್ಕಿರುವ ಪುತ್ತೂರಿನ ಗೆಳೆಯನಿಗೆ ಫೋನ್ ಮಾಡಿ, "ಬರ್ತಾ ಇದ್ದೇನೆ, ಗಾಡಿ ಮಾಡಿಕೊಂಡು ಐದು ದೇಶ ಸುತ್ತೋಣ" ಅಂದೆ. ಅವನು ಟೆಂಟಿನ ಮಾತೆತ್ತಲಿಲ್ಲ, ಸಿಂಹದ ಮಾತೂ ಎತ್ತಲಿಲ್ಲ.

"ಪಾಸ್‌ಪೋರ್ಟಿನಲ್ಲಿ ಖಾಲಿ ಹಾಳೆ ಎಷ್ಟುಂಟು ಮಾರಾಯ?" ಅಂದ.

ಲೆಕ್ಕ ಹಾಕಿದೆವು. ದಕ್ಷಿಣ ಆಫ್ರಿಕಾದಿಂದ ಬೋಟ್ಸ್ವಾನಾ, ಅಲ್ಲಿಂದ ನಮೀಬಿಯಾ, ಆನೆ ನೋಡಲು ಮತ್ತೆ ಬೋಟ್ಸ್ವಾನಾ, ಆಮೇಲೆ ಜಾಂಬಿಯಾ, ಜಿಂಬಾಬ್ವೆ, ವಾಪಸ್ ದಕ್ಷಿಣ ಆಫ್ರಿಕಾ. ಹೋಗುವ ಸೀಲು, ಬರುವ ಸೀಲು ಎಲ್ಲ ಸೇರಿ 14. ಸೀಲು ಒತ್ತುವವರು ಒಂದರ ಪಕ್ಕ ಒಂದು ನೀಟಾಗಿ ಒತ್ತುತ್ತಾರೆ ಅಂದುಕೊಂಡರೆ ನೀವು ಗಡಿ ದಾಟಿದವರಲ್ಲ. ಹೊಸ ಹಾಳೆಯ ನಟ್ಟನಡುವೆ, ರಂಗೋಲಿಯ ಮೊದಲ ಚುಕ್ಕಿಯ ಹಾಗೆ ಒತ್ತುತ್ತಾರೆ.

ಮೊದಲು ನನಗೊಂದು ದುರಾಸೆ ಇತ್ತು. ನನ್ನ ಕೆಎ ನಂಬರಿನ ಬೈಕನ್ನೇ ಹಡಗಿಗೆ ಹಾಕಿಬಿಡೋಣ ಅಂತ. ಅಲ್ಲೂ ರಸ್ತೆಯ ಎಡಗಡೆಯೇ ಓಡಿಸುವುದು, ನಮಗೇನು ಕಷ್ಟ? ಆಗ ಗೊತ್ತಾಯಿತು, ಬೈಕಿಗೂ ಪಾಸ್‌ಪೋರ್ಟ್ ಬೇಕು. ಅದರ ಹೆಸರು ಕಾರ್ನೆ. ಒಂದೊಂದು ಹಾಳೆಗೂ ಮೂರು ತುಂಡು. ದೇಶದೊಳಗೆ ಹೋಗುವಾಗ ಒಂದು ತುಂಡು ಹರಿದುಕೊಳ್ಳುತ್ತಾರೆ, ಹೊರಡುವಾಗ ಇನ್ನೊಂದು. ಮೂರನೆಯದು ಪುಸ್ತಕದಲ್ಲೇ ಉಳಿಯುತ್ತದೆ, ನಮ್ಮ ಸಾಕ್ಷಿಗೆ. ಬೈಕನ್ನು ಅಲ್ಲೇ ಮಾರಿ ಬರುವುದಿಲ್ಲ ಅನ್ನುವುದಕ್ಕೆ ಬ್ಯಾಂಕ್ ಗ್ಯಾರಂಟಿ ಬೇರೆ. ನನ್ನನ್ನು ನಂಬಿ ಇದುವರೆಗೆ ಯಾರೂ ಗ್ಯಾರಂಟಿ ಕೊಟ್ಟಿಲ್ಲ. ಬೈಕಿನ ವಿಷಯದಲ್ಲೂ ಕೊಡಲಿಲ್ಲ. ಹಾಗಾಗಿ ಅಲ್ಲೇ ಬಾಡಿಗೆ ಗಾಡಿ. ಅಲ್ಲಿಯವರು ಬಕ್ಕಿ ಅನ್ನುತ್ತಾರೆ. ನಮ್ಮ ಪಿಕಪ್ಪೇ, ತಲೆಯ ಮೇಲೆ ಟೆಂಟು ಹೊತ್ತಿರುತ್ತದೆ.

ಗಾಡಿ ಬಾಡಿಗೆಯದು ಅಂದ ಮೇಲೆ ಮಾಲೀಕರ ಪತ್ರ ಬೇಕು. ನೋಂದಣಿ ಪತ್ರದ ದೃಢೀಕೃತ ನಕಲು ಬೇಕು. ಅದನ್ನು ದಕ್ಷಿಣ ಆಫ್ರಿಕಾದಲ್ಲಿ ಪೊಲೀಸ್ ಠಾಣೆಯಲ್ಲೇ ಮಾಡಿಕೊಡುತ್ತಾರೆ, ದುಡ್ಡೂ ಕೇಳಲ್ಲ. ಗೆಜೆಟೆಡ್ ಅಧಿಕಾರಿಗಳ ಮನೆ ಮುಂದೆ ಕಾದು ಬೆಳೆದ ನನಗೆ ಕಣ್ಣು ತುಂಬಿ ಬಂತು. ಆದರೆ ಸಾಮಾನ್ಯವಾಗಿ ಮೂರು ತಿಂಗಳಿಗಿಂತ ಹಳೆಯ ನಕಲನ್ನು ಯಾರೂ ಒಪ್ಪುವುದಿಲ್ಲವಂತೆ. ಮೂಲ ಪತ್ರ ಕೆಡುವುದಿಲ್ಲ, ನಕಲು ಮಾತ್ರ ಹಳಸುತ್ತದೆ. ಇಡ್ಲಿ ಹಿಟ್ಟಿನ ಹಾಗೆ.

"ಎಂಜಿನ್ ನಂಬರು, ಚಾಸಿ ನಂಬರು ಬಾಯಿಪಾಠ ಮಾಡು" ಅಂದ ಗೆಳೆಯ. "ಪ್ರತಿ ಗೇಟಿನಲ್ಲೂ ರಿಜಿಸ್ಟರಿಗೆ ಬರೀಬೇಕು." ಮೂರು ದಿನ ಕೂತು ಮಗ್ಗಿಯ ಹಾಗೆ ಉರು ಹೊಡೆದೆ. ಇವತ್ತಿಗೂ ನಿದ್ದೆಯಲ್ಲಿ ಎಬ್ಬಿಸಿ ಕೇಳಿ, ಹೇಳುತ್ತೇನೆ.

ಇನ್ನು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡಿದ್ದಕ್ಕೆ ಸಾಕ್ಷಿಯಾದ ಹಳದಿ ಪುಸ್ತಕ. ಮೊದಲು ಆ ಲಸಿಕೆಗೆ 10 ವರ್ಷದ ವಾಯಿದೆ ಇತ್ತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನಿಯಮ ಬದಲಾಗಿ ಜೀವಮಾನವಿಡೀ ನಡೆಯುತ್ತದೆ ಅಂತಾಯಿತು. ಒಂದು ಕೌಂಟರಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿರಲಿಲ್ಲ. ಯಾವ ಕೌಂಟರು ಅಂತ ಹೇಳಲ್ಲ, ಮತ್ತೆ ಹೋಗಬೇಕಲ್ಲ. "10 ವರ್ಷ ಮುಗಿದಿದೆ" ಅಂದರು. "ಜೀವ ಇರುವವರೆಗೆ ನಡೆಯುತ್ತೆ ಸರ್, ನೋಡಿ, ನಾನಿನ್ನೂ ಇದ್ದೇನೆ" ಅಂದೆ. ಅವರು ನನ್ನ ಮುಖವನ್ನೇ ಒಂದು ಕ್ಷಣ ನೋಡಿದರು. ಇದ್ದೇನೆ ಅನ್ನುವುದಕ್ಕೆ ದಾಖಲೆ ಕೇಳುತ್ತಾರೇನೋ ಅಂತ ಎದೆ ಹೊಡೆದುಕೊಂಡಿತು. ನವೆಂಬರಿನಲ್ಲಿ ನಮ್ಮಪ್ಪ ಪಿಂಚಣಿಗೆ ಕೊಡುವ ಜೀವಿತ ಪ್ರಮಾಣಪತ್ರದಂಥದ್ದು ನನ್ನ ಹತ್ತಿರ ಇರಲಿಲ್ಲ.

ದಾರಿಯ ವಿಷಯಕ್ಕೆ ಬರೋಣ. ನಕ್ಷೆ ಬಿಡಿಸಿದರೆ ನಮೀಬಿಯಾದ ಮೂಲೆಯಿಂದ ಒಂದು ಉದ್ದನೆಯ ಬೆರಳು ಪೂರ್ವಕ್ಕೆ ಚಾಚಿಕೊಂಡಿದೆ. ಸುಮಾರು 450 ಕಿ.ಮೀ. ಉದ್ದದ ಕ್ಯಾಪ್ರಿವಿ ಪಟ್ಟಿ. 1890ರಲ್ಲಿ ಜರ್ಮನಿಯವರೂ ಬ್ರಿಟಿಷರೂ ಕಾಗದದ ಮೇಲೆ ಎಳೆದ ಗೆರೆ ಅದು. ಜಾಂಬೆಜಿ ನದಿ ಸಿಕ್ಕಿದರೆ ದೋಣಿಯಲ್ಲೇ ಹಿಂದೂ ಮಹಾಸಾಗರದ ಕಡೆಗೆ ಹೋಗಬಹುದು ಅಂತ ಜರ್ಮನಿಯವರ ಲೆಕ್ಕ. ನಡುವೆ 108 ಮೀಟರ್ ಎತ್ತರದ ವಿಕ್ಟೋರಿಯಾ ಜಲಪಾತ ಇದೆ! ಶರಾವತಿಯಲ್ಲಿ ದೋಣಿ ಹತ್ತಿ, ಜೋಗದ ಮೇಲಿಂದಲೇ ಹೊನ್ನಾವರಕ್ಕೆ ಬಂದುಬಿಡುತ್ತೇನೆ ಅಂದ ಹಾಗಾಯಿತು. ಆಗಿನ ಜರ್ಮನ್ ಚಾನ್ಸಲರ್ ಕ್ಯಾಪ್ರಿವಿಯ ಹೆಸರನ್ನೇ ಆ ಪಟ್ಟಿಗೆ ಇಟ್ಟರು. 2013ರಲ್ಲಿ ನಮೀಬಿಯಾ ಅಲ್ಲಿನ ಪ್ರಾಂತ್ಯಕ್ಕೆ ಜಾಂಬೆಜಿ ಅಂತ ಹೆಸರು ಬದಲಿಸಿತು. ಗೆರೆ ಮಾತ್ರ ಅಲ್ಲೇ ಇದೆ, ಗೆರೆಯ ಎರಡೂ ಕಡೆ ಕೌಂಟರುಗಳಿವೆ.

ಆ ಬೆರಳ ತುದಿಯಲ್ಲಿ ಕಝುಂಗುಲ. ನಮೀಬಿಯಾ, ಬೋಟ್ಸ್ವಾನಾ, ಜಾಂಬಿಯಾ, ಜಿಂಬಾಬ್ವೆ ನಾಲ್ಕೂ ಅಲ್ಲಿ ಹತ್ತಿರ ಹತ್ತಿರ ಬಂದು ನಿಂತಿವೆ. ಬೋಟ್ಸ್ವಾನಾಕ್ಕೂ ಜಾಂಬಿಯಾಕ್ಕೂ ಇರುವ ಗಡಿ ಹೆಚ್ಚೂಕಮ್ಮಿ 150 ಮೀಟರ್, ಅದೂ ನೀರಿನೊಳಗೆ. ಮೊದಲು ಲಾರಿಗಳು ಅಲ್ಲಿ ಗಾಡಿ ದಾಟಿಸುವ ದೊಡ್ಡ ದೋಣಿಗಾಗಿ ದಿನಗಟ್ಟಲೆ ಕಾಯುತ್ತಿದ್ದವು. 2021ರಲ್ಲಿ 923 ಮೀಟರ್ ಸೇತುವೆ ತೆರೆಯಿತು. ನೇರ ಕಟ್ಟಿದರೆ ಪಕ್ಕದ ಜಿಂಬಾಬ್ವೆಯ ಗಡಿಯೊಳಗೆ ಕಾಲಿಟ್ಟ ಹಾಗಾಗುತ್ತದೆ ಅಂತ ಸೇತುವೆಯನ್ನೇ ಬಾಗಿಸಿದರು. ಕಾಂಕ್ರೀಟೂ ಕಬ್ಬಿಣವೂ ಮೈ ಬಗ್ಗಿಸಿ ಗೆರೆಗೆ ನಮಸ್ಕಾರ ಮಾಡಿವೆ. ಅಂಥ ಕಡೆ ನಾನು ಯಾವ ಲೆಕ್ಕ?

ಜಾಂಬಿಯಾಕ್ಕೆ ಗಾಡಿ ಸಮೇತ ಹೋಗುವವರಿಗೆ ತಾತ್ಕಾಲಿಕ ಆಮದು ಪರವಾನಗಿ, ವಿಮೆ, ರಸ್ತೆ ಸುಂಕ, ಸ್ಥಳೀಯ ಕೌನ್ಸಿಲಿನ ಶುಲ್ಕ, ಜೊತೆಗೆ ಇಂಗಾಲದ ತೆರಿಗೆ. ಎಲ್ಲ ಒಂದೇ ಕಡೆ ಆಗಲಿ ಅಂತ ಈ ಭಾಗದಲ್ಲಿ ಈಗ ಏಕಗವಾಕ್ಷಿ ಗಡಿಗಳು ಬಂದಿವೆ. ಏಕಗವಾಕ್ಷಿಯ ಅರ್ಥ ನಮಗೆ ಹೊಸದಾಗಿ ಹೇಳಿಕೊಡಬೇಕಾ? ಗವಾಕ್ಷಿಗಳೆಲ್ಲ ಒಂದೇ ಕಟ್ಟಡದಲ್ಲಿರುತ್ತವೆ ಅಂತ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಬೋಟ್ಸ್ವಾನಾದ ಪಶುವೈದ್ಯ ಗೇಟು. ಕಾಲುಬಾಯಿ ಜ್ವರ ಹರಡಬಾರದು ಅಂತ ದೇಶಕ್ಕೆ ಅಡ್ಡಡ್ಡ ಬೇಲಿ ಹಾಕಿದ್ದಾರೆ. ಯುರೋಪಿಗೆ ದನದ ಮಾಂಸ ರಫ್ತಾಗಬೇಕಲ್ಲ. ಕಾರಣ ಸರಿಯಾಗಿಯೇ ಇದೆ, ತಕರಾರಿಲ್ಲ. ಗಾಡಿಯ ಫ್ರಿಜ್ ತೆಗೆಸಿದರು. ಒಳಗೆ ಅಮ್ಮ ಕಳಿಸಿದ ಪುಳಿಯೋಗರೆ ಗೊಜ್ಜು. ಕಪ್ಪಗೆ, ಎಣ್ಣೆ ತೇಲುತ್ತಾ. ಕಾವಲಿನವರು ಬಾಟಲಿಯನ್ನು ಬಿಸಿಲಿಗೆ ಹಿಡಿದು, ಅಲ್ಲಾಡಿಸಿ, "ಇದು ಯಾವ ಪ್ರಾಣಿ?" ಅಂತ ಕೇಳಿದರು. ಹುಣಸೆಹಣ್ಣಿಗೆ ಆ ಕ್ಷಣದಲ್ಲಿ ಇಂಗ್ಲಿಷು ನೆನಪಾಗಲಿಲ್ಲ. ಆಮೇಲೆ ಚಪ್ಪಲಿ. ಕಾಲಲ್ಲಿದ್ದದ್ದು ಸಾಲದು, ಬ್ಯಾಗಿನಲ್ಲಿದ್ದದ್ದನ್ನೂ ತಂದು ಔಷಧಿ ನೀರಲ್ಲಿ ನೆನೆದ ಮ್ಯಾಟಿನ ಮೇಲೆ ಒತ್ತಬೇಕು. ದೇವಸ್ಥಾನಕ್ಕೆ ಹೋಗುವಾಗ ಕಾಲು ತೊಳೆದಿದ್ದೇನೆ. ಚಪ್ಪಲಿಗೆ ಮಡಿ ಮಾಡಿಸಿದ್ದು ಇದೇ ಮೊದಲು.

ಕೊನೆಯ ಗೇಟಿಗೆ ಬಂದಾಗ ಸಂಜೆ. ದಪ್ಪ ಫೈಲನ್ನು ಎದೆಗೆ ಒತ್ತಿಕೊಂಡು ನಿಂತೆ. ಕಿಟಕಿಯಲ್ಲಿ ದಾರ ಕಟ್ಟಿದ ಬಾಲ್‌ಪೆನ್ನು, ಅಂಚು ಮಡಚಿದ ದೊಡ್ಡ ರಿಜಿಸ್ಟರು. ಬಾಯಿಪಾಠ ಮಾಡಿದ್ದನ್ನು ಬರೆಯುವ ಹೊತ್ತು ಬಂತಲ್ಲ ಅಂತ ಉತ್ಸಾಹದಿಂದ ಪೆನ್ನು ಹಿಡಿದೆ. ಎಂಜಿನ್ ನಂಬರಿನ ಕಾಲಮ್ಮು ನೋಡಿದೆ. ಪುಟದ ಮೇಲ್ತುದಿಯಲ್ಲಿ ಯಾರೋ ಲಾರಿ ಚಾಲಕ ಅಚ್ಚುಕಟ್ಟಾಗಿ ಒಂದು ನಂಬರು ಬರೆದಿದ್ದ. ಅದರ ಕೆಳಗೆ ಬಸ್ಸು, ಕಾರು, ಟ್ರೇಲರು ಎಲ್ಲರದ್ದೂ ಎರಡೆರಡು ಗೀಟು. ಮೇಲಿನಂತೆ, ಮೇಲಿನಂತೆ, ಮೇಲಿನಂತೆ. ಪುಟ ತುಂಬಾ ಒಂದೇ ಎಂಜಿನ್ನು ಗಡಿ ದಾಟಿತ್ತು.

ನಾನು ನಂಬರಿನ ಮೊದಲ ಅಕ್ಷರ ಬರೆಯುವಷ್ಟರಲ್ಲಿ ಒಳಗಿದ್ದವರು ಬೆರಳಿನಿಂದ ಪುಟ ತಟ್ಟಿದರು. "ಹಿಂದೆ ಕ್ಯೂ ಇದೆ. ಗೀಟು ಹಾಕಿ."

ಹಾಕಿದೆ. ಸೀಲು ಬಿತ್ತು, ಹೊಸ ಹಾಳೆಯ ನಟ್ಟನಡುವೆ.