ಕರುಳಬಳ್ಳಿಗೂ ಇಎಂಐ

ನಮ್ಮ ತಂಗಿ ಮಗಳ ಕುಬುಸದ ದಿನ ಮನೆಗೆ ಬಂದೋರಲ್ಲಿ ಟೈ ಕಟ್ಕೊಂಡು ಬಂದಿದ್ದು ಒಬ್ಬನೇ. ನಾನು ಅಳಿಯನ ಕಡೆಯವನು ಅನ್ಕೊಂಡೆ, ಅಳಿಯನ ಕಡೆಯೋರು ನಮ್ಮ ಕಡೆಯವನು ಅನ್ಕೊಂಡ್ರು, ಹಂಗಾಗಿ ಎರಡೂ ಕಡೆ ಉಪಚಾರ ಮಾಡಿಸ್ಕೊಂಡು ಮೂರು ಹೋಳಿಗೆ ತಿಂದ. ಕೈ ತೊಳ್ಕೊಂಡು ಬಂದು ಬ್ಯಾಗಿಂದ ಟ್ಯಾಬ್ ತೆಗೆದಾಗ್ಲೇ ಗೊತ್ತಾಗಿದ್ದು, ಇವನು ಹೊಕ್ಕುಳಬಳ್ಳಿ ರಕ್ತದ ಬ್ಯಾಂಕಿನ ಹುಡುಗ ಅಂತ. ನಮ್ಮ ಹುಡುಗಿ ದಾವಣಗೆರೆಲಿ ಎಲ್ಲೋ ಚೆಕಪ್‌ಗೆ ಹೋದಾಗ ಹೆಸರು, ಫೋನ್ ನಂಬರ್, ಡೆಲಿವರಿ ಡೇಟು ಅಂತ ಒಂದು ಫಾರಂ ತುಂಬಿಸ್ಕೊಂಡಿದ್ರಂತೆ. ಆ ಫಾರಂ ಅಲ್ಲಿಂದ ಇವನ ಟ್ಯಾಬಿಗೆ ಹೆಂಗೆ ನಡ್ಕೊಂಡು ಬಂತೋ ದುರ್ಗಮ್ಮನೇ ಬಲ್ಲಳು.

ಟ್ಯಾಬಲ್ಲಿ ಒಂದು ಕೂಸು ನಗ್ತಾ ಇತ್ತು. ಕಣ್ಣು ನೀಲಿ, ಕೂದಲು ಕೆಂಚು, ಮಂಡಿಪೇಟೆ ಬಿಸಿಲು ಜನ್ಮದಲ್ಲಿ ಕಂಡಿರದ ಕೂಸು. ಹುಡುಗ ಶುರು ಮಾಡಿದ: "ಅಂಕಲ್, ಮಗು ಹುಟ್ಟಿದ ತಕ್ಷಣ ಬಳ್ಳಿಲಿರೋ ರಕ್ತ ನಾವು ತಗೋತೀವಿ, ಮೈನಸ್ 196 ಡಿಗ್ರಿಲಿ ಲಿಕ್ವಿಡ್ ನೈಟ್ರೋಜನ್‌ನಲ್ಲಿ 75 ವರ್ಷ ಇಡ್ತೀವಿ, 80ಕ್ಕೂ ಹೆಚ್ಚು ಕಾಯಿಲೆಗೆ ಆಗುತ್ತೆ, ಇದು ಮಗೂಗೆ ಬಯಾಲಾಜಿಕಲ್ ಇನ್ಶೂರೆನ್ಸ್." ರೇಟು ಅರವತ್ತು ಸಾವಿರದ ಮೇಲೆ. ಅಳಿಯನ ಮುಖ ಬಾಡಿದ್ದು ನೋಡಿ ತಕ್ಷಣ, ಇಎಂಐ ಐತೆ ಸರ್, ತಾಯಿ ಪ್ರೀತಿಗೆ ಬೆಲೆ ಕಟ್ಟಕ್ಕಾಗಲ್ಲ, ಆದ್ರೆ ಈ ತಿಂಗಳು ಬುಕ್ ಮಾಡಿದ್ರೆ ಎಂಟು ಸಾವಿರ ಬಿಡ್ತೀವಿ ಅಂದ.

ಮಾಯಕೊಂಡದ ಕಡೆಯಿಂದ ನಮ್ಮ ದೊಡ್ಡಪ್ಪ ಬಂದಿದ್ದ, ಮೆಕ್ಕೆಜೋಳ ಬೆಳೆಯೋನು. ಎಲೆ ಅಡಿಕೆ ಹಾಕ್ತಾ ಎಲ್ಲಾ ಕೇಳಿಸ್ಕೊಂಡು, "ತಮ್ಮಾ, ಹುಟ್ತಾನೇ ಬಂದ ಕಾಯಿಲೆ ಆದ್ರೆ ಅದು ಈ ರಕ್ತದಾಗೂ ಇರ್ತದಲ್ಲೋ? ರೋಗದ ಬೀಜಾನೇ ಎತ್ತಿಟ್ಟು ಮುಂದಿನ ಮುಂಗಾರಿಗೆ ಅದನ್ನೇ ಬಿತ್ತು ಅಂತೀಯಲ್ಲ" ಅಂದ. ಹುಡುಗ ಸ್ಲೈಡ್ ಮುಂದಕ್ಕೆ ತಳ್ಳಿದ.

ದೊಡ್ಡಪ್ಪ ಹೇಳಿದ್ದು ಸರಿನೇ. ಮೈಯಲ್ಲಿ ರಕ್ತ ಸರಿಯಾಗಿ ತಯಾರಾಗದ ತಲಸ್ಸೀಮಿಯಾದಂಥ ಆನುವಂಶಿಕ ಕಾಯಿಲೆ ಬಂದ್ರೆ ಸ್ವಂತ ರಕ್ತ ಉಪಯೋಗಕ್ಕೆ ಬರಲ್ಲ, ದೋಷ ಅದರೊಳಗೇ ಇರುತ್ತೆ. ಆ 80 ಕಾಯಿಲೆ ಪಟ್ಟಿಲಿ ಬಹುಪಾಲು ವಾಸಿ ಆಗೋದು ಬೇರೆಯೋರ ಸ್ಟೆಮ್ ಸೆಲ್‌ನಿಂದ, ಅಂದ್ರೆ ಹೊಸ ರಕ್ತ ಹುಟ್ಟಿಸೋ ಕೋಶದಿಂದ. 1988ರಲ್ಲಿ ಪ್ಯಾರಿಸ್‌ನಲ್ಲಿ ಎಲಿಯಾನ್ ಗ್ಲುಕ್‌ಮನ್ ಅನ್ನೋ ಡಾಕ್ಟರಮ್ಮ ಜಗತ್ತಲ್ಲೇ ಮೊದಲ ಸಲ ಬಳ್ಳಿ ರಕ್ತ ಏರಿಸೋ ಈ ಚಿಕಿತ್ಸೆ ಮಾಡಿದಾಗ, ಫ್ಯಾಂಕೋನಿ ಅನೀಮಿಯಾ ಅನ್ನೋ ಆನುವಂಶಿಕ ರಕ್ತದ ಕಾಯಿಲೆ ಇದ್ದ ಆ ಐದು ವರ್ಷದ ಹುಡುಗನನ್ನ ಉಳಿಸಿದ್ದು ಅವನ ತಂಗಿ ಬಳ್ಳಿಯ ರಕ್ತ. ಟ್ಯಾಬಲ್ಲಿ ಈ ಕಥೆನೂ ಇತ್ತು, ತಂಗಿ ಮಾತ್ರ ಇರಲಿಲ್ಲ.

ಇನ್ನು ಮಗು ತನ್ನದೇ ರಕ್ತ ವಾಪಸ್ ತಗೊಳ್ಳೋ ಸಂಭವ ಎಷ್ಟು ಅಂದ್ರೆ, ಭಾರತದ ಮಕ್ಕಳ ಡಾಕ್ಟರುಗಳ ಅಕಾಡೆಮಿ 2018ರಲ್ಲಿ ಕೊಟ್ಟ ಲೆಕ್ಕ, ಮೊದಲ 20 ವರ್ಷದಲ್ಲಿ 2500ಕ್ಕೆ ಒಂದರಿಂದ 2 ಲಕ್ಷಕ್ಕೆ ಒಂದು. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಅಂತೂ 2017ರಲ್ಲೇ, ಮುಂದೆ ಸ್ವಂತಕ್ಕೆ ಬೇಕಾಗುತ್ತೆ ಅಂತ ಕೂಡಿಡೋದಕ್ಕೆ ವೈಜ್ಞಾನಿಕ ಆಧಾರ ಇಲ್ಲ ಅಂತ ಬರೆದಿಟ್ಟಿದೆ. ಮನೇಲಿ ಮೊದಲ ಮಗೂಗೆ ಅಂಥ ಕಾಯಿಲೆ ಇದ್ರೆ ಎರಡನೇದರದ್ದು ಇಡೋದು ಬೇರೆ ಮಾತು, ಅದು ಸರಿ. ಆದ್ರೆ ಗಟ್ಟಿಮುಟ್ಟಾದ ಮನೆಗಳಿಗೇ ಹುಡುಕ್ಕೊಂಡು ಬರ್ತಾರೆ, ಯಾಕಂದ್ರೆ ಇಎಂಐ ಕಟ್ಟೋರು ಅಲ್ಲೇ ಸಿಗೋದು.

ನನಗೂ ಸ್ವಲ್ಪ ಕೆಟ್ಟ ಬುದ್ಧಿ. "ನಮಗೆ ಇಡೋದು ಬೇಡಪ್ಪ, ದಾನ ಕೊಡ್ತೀವಿ, ಪುಕ್ಕಟೆ ತಗೊಂಡು ಹೋಗಿ ಯಾರಿಗೆ ಹೊಂದುತ್ತೋ ಅವರಿಗೆ ಕೊಡು" ಅಂದೆ. ಹುಡುಗ ಮೂರು ಸಲ ಸ್ಕ್ರೀನ್ ಮೇಲೆ ಕೆಳಗೆ ಮಾಡಿದ. ಗೋಲ್ಡ್ ಐತೆ, ಪ್ಲಾಟಿನಂ ಐತೆ, ಅವಳಿ ಮಕ್ಕಳಿಗೆ ಡಿಸ್ಕೌಂಟ್ ಐತೆ, ದಾನ ಅನ್ನೋ ಕಾಲಂ ಇಲ್ಲ. "ಸರ್ ಅದು ಪ್ರೊಸೀಜರ್ ಬೇರೆ" ಅಂದು ಮತ್ತೊಂದು ಹೋಳಿಗೆಗೆ ಕೈ ಹಾಕಿದ.

ಆಮೇಲೆ ಊರಲ್ಲಿ ನಾನೇ ಮೂರ್ನಾಕು ಕಡೆ ವಿಚಾರಿಸಿದೆ. ಒಂದು ಕಡೆ ರಕ್ತದಾನ ಅಂದಕೂಡ್ಲೆ ತೋಳು ಮೇಲೆ ಮಾಡಿ ಮಲ್ಕೊಳ್ಳಿ ಅಂದ್ರು. ಇನ್ನೊಂದು ಕಡೆ ಸಿಸ್ಟರು, ಹೊಕ್ಕುಳಬಳ್ಳಿ ಯಾರು ದಾನ ತಗೋತಾರ್ರೀ, ಮಾಸಿನ ಜೊತೆ ಹಳದಿ ಚೀಲಕ್ಕೆ ಹಾಕಿ ಸುಡಕ್ಕೆ ಕಳಿಸ್ತೀವಿ ಅಂದ್ರು. ಪಾಪ ಅವರ ತಪ್ಪಲ್ಲ. ದಾನಕ್ಕೆ ಸಾರ್ವಜನಿಕ ಬ್ಯಾಂಕ್ ಬೇಕು, ಆಸ್ಪತ್ರೆ ಜೊತೆ ಅದರ ಒಪ್ಪಂದ ಬೇಕು, ಹೆರಿಗೆ ನೋವು ಬರೋ ಮುಂಚೆ ತಾಯಿ ಸಹಿ ಬೇಕು, ಎಚ್‌ಐವಿ ಹೆಪಟೈಟಿಸ್ ಟೆಸ್ಟ್ ಆಗ್ಬೇಕು, ಇಷ್ಟಾದ್ಮೇಲೂ ಬೈಟೂ ಕಾಫಿಯಷ್ಟು ರಕ್ತ ಸಿಕ್ಕಿ ಅದ್ರಲ್ಲಿ ಕೋಶ ಕಡಿಮೆ ಅಂತ ಬಿಸಾಕಿದ್ರೂ ಬಿಸಾಕಬಹುದು. ಒಟ್ಟು ನಮ್ಮೂರ ಬಳ್ಳಿಗೆ ನನಗೆ ಕಂಡಿದ್ದು ಎರಡೇ ದಾರಿ: ಅರವತ್ತು ಸಾವಿರದ ಫ್ರಿಜ್ಜು, ಇಲ್ಲಾ ಹಳದಿ ಚೀಲ.

ನಂಗನ್ಸುತ್ತೆ, ಈ ದಾನ ನಮ್ಮಲ್ಲಿ ಯಾಕೆ ಕುದುರಲ್ಲ ಅಂದ್ರೆ ಫೋಟೋ ಬರಲ್ಲ. ಲೀಡರ್ ಬರ್ತ್‌ಡೇಗೆ ರಕ್ತ ಕೊಟ್ರೆ ಹೆಬ್ಬೆಟ್ಟು ಎತ್ತಿ ಫ್ಲೆಕ್ಸಲ್ಲಿ ನಿಲ್ಲಬಹುದು, ಬಾಳೆಹಣ್ಣು ಜೂಸು ಸಿಗುತ್ತೆ. ಇಲ್ಲಿ ದಾನಿಗೆ ವಯಸ್ಸು ಸೊನ್ನೆ, ಬಟ್ಟೆ ಇಲ್ಲ, ಒಂದೇ ಸಮ ಅಳ್ತಿರುತ್ತೆ. ಜೊತೆಗೆ ಯಾರಿಗೆ ಹೋಯ್ತು ಅಂತ ಹೇಳಲ್ಲ. ಹೊಂದಾಣಿಕೆ ಲೆಕ್ಕನೂ ವಿಚಿತ್ರ, ಮದುವೆಗೆ 36ರಲ್ಲಿ 18 ಗುಣ ಕೂಡಿದ್ರೂ ಒಳಪಂಗಡ ಯಾವುದು ಅಂತ ಕೇಳ್ತೀವಿ, ಇಲ್ಲಿ ಕೋಶದ ಗುರುತು 6ರಲ್ಲಿ 4 ಕೂಡಿದ್ರೂ ನಡೆಯುತ್ತೆ, ಒಳಪಂಗಡ ಕೇಳೋರೇ ಇಲ್ಲ! ಇದು ನಮ್ಮ ಹಿರೇರಿಗೆ ಹೆಂಗೆ ಸಮಾಧಾನ ಆಗ್ಬೇಕು.

ಅವತ್ತು ವಿಚಾರಿಸಕ್ಕೆ ಹೋದ ಕಡೆ ಒಂದು ಹುಡುಗ ಕಂಡ, ಏಳೆಂಟು ವರ್ಷ ಇರಬಹುದು. ತಲಸ್ಸೀಮಿಯಾ, ಮೂರ್ನಾಕು ವಾರಕ್ಕೊಂದು ಸಲ ರಕ್ತ ಏರಿಸ್ಬೇಕು. ಎಡಗೈಗೆ ರಟ್ಟು ಕಟ್ಟಿ ಸೂಜಿ ಹಾಕಿದ್ರು, ಬಲಗೈಯಲ್ಲಿ ಪೇಪರ್ ಪೊಟ್ಟಣದಿಂದ ಮಂಡಕ್ಕಿ ಒಂದೊಂದೇ ಕಾಳು ಆರಿಸಿ ಬಾಯಿಗೆ ಹಾಕ್ಕೊಳ್ತಾ, ಮೇಲೆ ನೇತಾಡೋ ಬಾಟ್ಲಿ ಎಷ್ಟು ಖಾಲಿ ಆಯ್ತು ಅಂತ ನೋಡ್ತಿದ್ದ. ಅವನ ತಲೆ ಹಿಂದಿನ ಗೋಡೆ ಮೇಲೆ ಅದೇ ನೀಲಿ ಕಣ್ಣಿನ ಕೂಸಿನ ಪೋಸ್ಟರ್ ಇತ್ತು.

ನಮ್ಮವ್ವನಿಗೆ ಇದೆಲ್ಲಾ ಹೊಸದೇನಲ್ಲ. ಎಮ್ಮೆ ಈದ್ರೆ ಮಾಸು ಹುಲ್ಲಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟಿಸ್ತಿದ್ಳು, ಹಾಲು ಚೆನ್ನಾಗಿ ಬರಲಿ ಅಂತ. ನಮ್ಮೆಲ್ಲರ ಒಣಗಿದ ಹೊಕ್ಕುಳಬಳ್ಳಿನೂ ಬೆಳ್ಳಿ ತಾಯತದಲ್ಲಿ ಹಾಕಿ ಉಡದಾರಕ್ಕೆ ಕಟ್ಟಿದ್ಳು. ಹುಡುಗನ ಸ್ಲೈಡ್ ಎಲ್ಲಾ ನೋಡಿ ಅವಳು ಕೇಳಿದ್ದು ಒಂದೇ, "ನಂದು ನಡುದಾಗೇ ಇರ್ತಿತ್ತು, ನಿಂದು ಎಲ್ಲಿಡ್ತೀಯಪ್ಪ?" ಬೇರೆ ರಾಜ್ಯದಾಗೆ ಅಜ್ಜಿ, ಅಂದ. "ಹಂಗಾದ್ರೆ ದೃಷ್ಟಿ ಆದಾಗ ಯಾರು ತಂದು ಕೊಡ್ತಾರೆ?"

ಹೆರಿಗೆ ಆಯ್ತು, ಹೆಣ್ಣುಮಗು. ಡಾಕ್ಟರಮ್ಮ ಒಳ್ಳೇರು, ಬಳ್ಳಿ ತಕ್ಷಣ ಕತ್ತರಿಸದೆ ಒಂದೆರಡು ನಿಮಿಷ ಕಾದ್ರಂತೆ, ಕನಿಷ್ಠ ಒಂದು ನಿಮಿಷ ಕಾಯ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆನೂ ಹೇಳುತ್ತೆ, ಅಷ್ಟರಲ್ಲಿ ಆ ರಕ್ತ ಮಗೂಗೇ ಹರಿದು ಕಬ್ಬಿಣದಂಶ ಕೂಡುತ್ತೆ. ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆ ಇರೋ ದೇಶ ನಮ್ಮದು, 2019-21ರ ಸರ್ಕಾರದ ಸಮೀಕ್ಷೆ ಲೆಕ್ಕ. ಹಂಗಾಗಿ ನಮ್ಮ ಮೊಮ್ಮಗಳ ಬ್ಯಾಂಕ್ ಸದ್ಯಕ್ಕೆ ಅವಳ ಮೈಯೊಳಗೇ ಐತೆ, ವರ್ಷದ ಚಾರ್ಜಿಲ್ಲ.

ಬಳ್ಳಿ ಒಣಗಿ ಉದುರಿದ ದಿನ ನಮ್ಮವ್ವ ಅದನ್ನ ಅರಿವೆ ಚೂರಲ್ಲಿ ಕಟ್ಟಿ ತಾಯತ ಮಾಡಿಸಕ್ಕೆ ಕಳಿಸಿದ್ಳು. ಅವತ್ತೇ ಸಂಜೆ ಟೈ ಹುಡುಗನ ಫೋನು. ಕಂಗ್ರಾಟ್ಸ್ ಸರ್, ಬಳ್ಳಿ ಹೋದ್ರೆ ಹೋಗ್ಲಿ ಬಿಡಿ, ಹಾಲುಹಲ್ಲಿನ ಸ್ಟೆಮ್ ಸೆಲ್ ಸ್ಕೀಮ್ ಐತೆ, ಈಗ್ಲೇ ಬುಕ್ ಮಾಡ್ಬೋದು ಅಂದ. ಕೂಸಿಗಿನ್ನೂ ಒಂದು ಹಲ್ಲೂ ಬಂದಿಲ್ಲ. ಹಲ್ಲು ಗಿಲ್ಲು ಕೂಡಿಡೋ ವ್ಯಾಪಾರಕ್ಕೆ ಐಸಿಎಂಆರ್ ಒಪ್ಪಿಲ್ಲ ಮಾರಾಯ ಅಂತ ನಾನು ಹೇಳೋಷ್ಟರಲ್ಲಿ ನಮ್ಮವ್ವ ಪಕ್ಕದಲ್ಲಿ ಕೂತು ಕೇಳಿಸ್ಕೊಂಡು ಆಗ್ಲೇ ಚಿಂತೆಗೆ ಬಿದ್ದಿದ್ಳು. ಹಲ್ಲು ಬಿದ್ರೆ ಸಗಣಿ ಉಂಡೆಲಿ ಇಟ್ಟು ಹೆಂಚಿನ ಮೇಲೆ ಎಸೀಬೇಕು, ಈ ಮನೆ ನೋಡಿದ್ರೆ ಆರ್‌ಸಿಸಿ.