ಇನ್ನು 1,155 ಡಿಗ್ರಿ ಮಾತ್ರ ಬಾಕಿ

ಮೇ ತಿಂಗಳಲ್ಲಿ ರಾಯಚೂರು 45 ಡಿಗ್ರಿ ಮುಟ್ಟಿತು ಅನ್ನೋಣ. ಕ್ಯಾನ್ಸರ್ ಔಷಧಿಯ ಕಸ ಸುಡಲು ಕಾವು 1,200 ದಾಟಬೇಕು ಎನ್ನುತ್ತವೆ 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು. ಉಳಿದ 1,155 ಡಿಗ್ರಿಯನ್ನು ಸೂರ್ಯನೇ ತುಂಬಿಕೊಡುತ್ತಾನೆಂಬ ಭರವಸೆ ಇರಲೇಬೇಕು. ಇಲ್ಲದಿದ್ದರೆ ಆಸ್ಪತ್ರೆಗಳ ಹಿತ್ತಲಲ್ಲಿ ಈ ಕಸ ತುಂಬಿದ ಹಳದಿ ಚೀಲಗಳು ಹೀಗೆ ಬಿಸಿಲು ಕಾಯುತ್ತ ಕೂರುತ್ತಿರಲಿಲ್ಲ.

ಕೆಲವರಿಗೆ ಅಷ್ಟೂ ತಾಳ್ಮೆಯಿಲ್ಲ, ಕಡ್ಡಿ ಗೀರುತ್ತಾರೆ. ಬಯಲುಬೆಂಕಿಯ ಅರೆಬರೆ ಕಾವಿಗೆ ಔಷಧಿ ಪೂರ್ತಿ ಉರಿಯದೆ ಹೊಗೆಯ ಜೊತೆ ಎದ್ದು ಹೋಗುತ್ತದೆ. ಚೀಲ ಪಿವಿಸಿ ಪ್ಲಾಸ್ಟಿಕ್ಕಿನದಾದರೆ ಡಯಾಕ್ಸಿನ್ ಎಂಬ ವಿಷವೂ ಸೇರುತ್ತದೆ. ವಾರ್ಡಿನಲ್ಲಿ ಮಿಲಿಗ್ರಾಂ ಲೆಕ್ಕದಲ್ಲಿ ಕೊಟ್ಟದ್ದು ಓಣಿಗೆ ವೈದ್ಯರ ಚೀಟಿಯೇ ಇಲ್ಲದೆ ಸಿಗುತ್ತದೆ.

ಇನ್ನು ಬಣ್ಣದ ಪಾಠ. ಗಾಜು ನೀಲಿಗೆ, ಪ್ಲಾಸ್ಟಿಕ್ ಕೆಂಪಿಗೆ ಎಂದು ಗೋಡೆಯ ಚಾರ್ಟು ಬಾಯಿಪಾಠವಾಗಿದೆ. ಹಾಗಾಗಿ ಮೆಥೊಟ್ರೆಕ್ಸೇಟ್ ಎಂಬ ಕ್ಯಾನ್ಸರ್ ಔಷಧಿಯ ಗಾಜಿನ ವಯಲ್ ನೀಲಿಗೆ, ಅದೇ ಔಷಧಿ ಹರಿದ ಡ್ರಿಪ್ ಸೆಟ್ ಕೆಂಪಿಗೆ. ಎರಡೂ ‘ಸೈಟೋಟಾಕ್ಸಿಕ್’ (ಜೀವಕೋಶಕ್ಕೆ ವಿಷ) ಎಂಬ ಚೀಟಿ ಹಚ್ಚಿಕೊಂಡು ಹಳದಿಗೆ ಹೋಗಬೇಕಾದವು. ಕೆಂಪಿನದು ಆಟೊಕ್ಲೇವ್ ಎಂಬ ಹಬೆಯಂತ್ರದಲ್ಲಿ 121 ಡಿಗ್ರಿಗೆ ಬೆಂದು, ಚೂರಾಗಿ, ಮರುಬಳಕೆಗೆ ಹೊರಡುತ್ತದೆ. ಆ ಕಾವು ರೋಗಾಣುವಿನ ಲೆಕ್ಕಕ್ಕೆ ಇಟ್ಟದ್ದು, ಔಷಧಿಯ ಲೆಕ್ಕಕ್ಕಲ್ಲ.

ಹಳದಿಗೆ ಹಾಕಿಯೂ ಚೀಟಿ ಮರೆತರೆ? ರಕ್ತದ ಬ್ಯಾಂಡೇಜಿನ ಜೊತೆ ಮಾಮೂಲಿ ಕುಲುಮೆಗೆ ಪ್ರಯಾಣ. ಅದರ ಎರಡನೇ ಕೋಣೆಯ ಕಾವು 1,050, ಐವತ್ತು ಆಚೀಚೆ. ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರೀ’ ಅಂದರೆ 1,200ರ ನಿಯಮ ಕೇಳುವ ಪೈಕಿ ಅಲ್ಲ.

ಅವಧಿ ಮುಗಿದದ್ದನ್ನು ತಯಾರಕರಿಗೋ ಸರಬರಾಜುದಾರರಿಗೋ ಮರಳಿಸಲು ನಿಯಮದಲ್ಲೇ ದಾರಿಯಿದೆ. ಟೆಂಡರಿನಲ್ಲಿ ಒಂದು ಸಾಲು ಬರೆದರಾಯಿತು. ದರದ ಕಾಲಮ್ಮಿಗೆ ಮೂರು ಸಹಿ ಬೀಳುತ್ತವೆ, ವಾಪಸಿಯ ಸಾಲಿಗೆ ಮಾತ್ರ ಜಾಗ ಸಾಲುವುದಿಲ್ಲ. ಕಪಾಟು ತುಂಬಿದ ಮೇಲೆ ಸಿಂಕಿನ ನೆನಪಾಗುತ್ತದೆ. ಗಟಾರಕ್ಕೆ ಯಾರ ಸಹಿಯೂ ಬೇಡವಲ್ಲ!

ಕೊನೆಯ ದಾರಿ ಸಮಾಧಿ. ಕಬ್ಬಿಣದ ಡ್ರಮ್ಮಿನಲ್ಲಿ ಅರ್ಧ ಮಾತ್ರ ಕ್ಯಾನ್ಸರ್ ಔಷಧಿ. ಮೇಲೆ ತೂಕದ ಲೆಕ್ಕದಲ್ಲಿ ಸುಣ್ಣ 15, ಸಿಮೆಂಟು 15, ನೀರು 5 ಪಾಲು ಚೆನ್ನಾಗಿ ಕಲಸಿ ಕಂಠದವರೆಗೆ ಸುರಿದು, ಮುಚ್ಚಳಕ್ಕೆ ಬೆಸುಗೆ ಹಾಕಿ, 7ರಿಂದ 28 ದಿನ ಗಟ್ಟಿಯಾಗಲು ಬಿಡಬೇಕು. ಕಡತದ ಪ್ರಕಾರ ಇದೂ ‘ಪ್ರಗತಿಯಲ್ಲಿದೆ’. ಸಿಮೆಂಟು ಬಂತು, ಕಾಂಪೌಂಡ್ ಗೋಡೆಯ ಬಿರುಕಿಗೆ ಹೋಯಿತು. ಸುಣ್ಣ ದಸರೆಗೆ ಗೋಡೆ ಏರಿತು. ಡ್ರಮ್ಮು ಮಾತ್ರ ಇದೆ, ನಳದ ಕೆಳಗೆ. ನೀರು ಬರುವುದು ಎಂಟು ದಿನಕ್ಕೊಮ್ಮೆ ನೋಡಿ.